ತೆರೆದಿಟ್ಟ ಬಾಟಲಿ

ಬೆಂಗಳೂರಿನ ಇಂದಿರಾನಗರ, ಕೋರಮಂಗಲದ ಬ್ರೂಪಬ್‌ಗಳಲ್ಲಿ ಬಿಯರ್ ಗಿರಾಕಿಯ ಕಣ್ಣೆದುರೇ, ಗಾಜಿನಾಚೆ ಹೊಳೆಯುವ ಸ್ಟೀಲ್ ಟ್ಯಾಂಕುಗಳಲ್ಲಿ ಹುಳಿ ಬರುತ್ತಿರುತ್ತದೆ. ಕೌಂಟರಿನ ಮೂಲೆಯಲ್ಲಿ ಬಿಯರ್ ಒಲ್ಲದವರಿಗೆಂದು ನಾಲ್ಕೈದು ವೈನ್ ಬಾಟಲಿಗಳೂ ಇರುತ್ತವೆ. ಆ ವೈನ್ ಚೆನ್ನಾಗಿಲ್ಲ ಎಂದು ಯಾರಾದರೂ ಅಂದರೆ ಎರಡು ಉತ್ತರ ಸಿದ್ಧವಿರುತ್ತವೆ. ಒಬ್ಬೊಬ್ಬರ ನಾಲಿಗೆ ಒಂದೊಂದು ಥರ ಎನ್ನುವುದು ಮೊದಲನೆಯದು; ಬಿಯರ್ ಮಾಡುವವರ ಬಳಿ ಹೋಗಿ ವೈನಿನ ತಕರಾರು ತೆಗೆಯುವುದು ಅನ್ಯಾಯ ಎನ್ನುವುದು ಎರಡನೆಯದು. ಎರಡೂ ಉದಾರವಾದ ಮಾತಿನಂತೆ ಕೇಳಿಸುತ್ತವೆ. ಆದರೆ ಮೊದಲನೆಯದನ್ನು ಒಪ್ಪಿದರೆ ರುಚಿಯ ವಿಷಯದಲ್ಲಿ ಸರಿ ತಪ್ಪುಗಳೇ ಇಲ್ಲ ಎಂದು ಒಪ್ಪಿದಂತಾಯಿತು. ಎರಡನೆಯದನ್ನು ಒಪ್ಪಿದರೆ, ಮುಖ್ಯವಲ್ಲದ ಕೆಲಸಕ್ಕೆ ಯಾರೂ ಹೊಣೆಯಲ್ಲ ಎಂದಾಯಿತು. ಇವೆರಡನ್ನೂ ಒಪ್ಪಲು ನನಗೆ ಸಾಧ್ಯವಿಲ್ಲ.

ಮೊದಲ ಉತ್ತರಕ್ಕೆ ದೊಡ್ಡವರ ಬೆಂಬಲವಿದೆ. ತತ್ವಜ್ಞಾನಿ ಕಾಂಟ್ 1790ರ ತನ್ನ ಗ್ರಂಥದಲ್ಲಿ ವೈನಿನ ಉದಾಹರಣೆಯನ್ನೇ ಎತ್ತಿಕೊಂಡು, ಅದು ಹಿತವಾಗಿದೆ ಎನ್ನುವವನು ‘ನನಗೆ’ ಎಂಬ ಮಾತನ್ನು ಸೇರಿಸಿಯೇ ಹೇಳಬೇಕು ಎಂದ. ಎಲ್ಲರ ಒಪ್ಪಿಗೆಯನ್ನು ನಿರೀಕ್ಷಿಸುವ ಹಕ್ಕನ್ನು ಸೌಂದರ್ಯದ ತೀರ್ಪಿಗೆ ಮಾತ್ರ ಕೊಟ್ಟ. ಆದರೆ ಅವನಿಗಿಂತ ಮೊದಲು, 1757ರಲ್ಲಿ, ಇನ್ನೊಬ್ಬ ತತ್ವಜ್ಞಾನಿ ಹ್ಯೂಮ್ ಡಾನ್ ಕ್ವಿಕ್ಸೋಟ್ ಕಾದಂಬರಿಯ ಒಂದು ಪ್ರಸಂಗವನ್ನು ನೆನಪಿಸಿದ್ದ. ಇಬ್ಬರು ಒಂದೇ ಪೀಪಾಯಿಯ ವೈನಿನ ರುಚಿ ನೋಡುತ್ತಾರೆ. ಒಬ್ಬನಿಗೆ ಅದರಲ್ಲಿ ತೊಗಲಿನ ರುಚಿ, ಇನ್ನೊಬ್ಬನಿಗೆ ಕಬ್ಬಿಣದ್ದು. ಸುತ್ತಲಿನವರು ನಗುತ್ತಾರೆ. ಪೀಪಾಯಿ ಬರಿದಾದಾಗ ತಳದಲ್ಲಿ ಸಿಕ್ಕಿದ್ದು ತೊಗಲಿನ ದಾರ ಕಟ್ಟಿದ್ದ ಒಂದು ಹಳೆಯ ಕೀಲಿಕೈ. ಇಷ್ಟಾನಿಷ್ಟ ಒಂದು, ಗುಣದೋಷ ಇನ್ನೊಂದು ಎನ್ನುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಸಿಹಿ ವೈನ್ ಬೇಕೋ ಒಗರು ಬೇಕೋ ಎನ್ನುವುದರಲ್ಲಿ ಕಾಂಟ್ ಹೇಳಿದ್ದು ಸರಿ, ಆದರೆ ಪೀಪಾಯಿಯಲ್ಲಿ ಕೀಲಿಕೈ ಇದೆಯೋ ಇಲ್ಲವೋ ಎನ್ನುವುದು ನನ್ನ ನಿಮ್ಮ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ನಮ್ಮ ನಾಟ್ಯಶಾಸ್ತ್ರವೂ ರಸವನ್ನು ವಿವರಿಸಲು ಊಟದ ಪಂಕ್ತಿಗೇ ಬರುತ್ತದೆ. ವ್ಯಂಜನಗಳಿಂದ ಸಂಸ್ಕಾರಗೊಂಡ ಅನ್ನವನ್ನು ಉಂಡು ಅದರ ರಸವನ್ನು ಸವಿಯುವವರು ಸುಮನಸ್ಕರು ಎನ್ನುತ್ತದೆ. ಮನಸ್ಸಿಟ್ಟು ಉಣ್ಣುವವನಿಗೆ ದಕ್ಕುವಂಥದ್ದು ಬಟ್ಟಲಲ್ಲಿ ಇದೆ ಎಂಬ ನಂಬಿಕೆ ಈ ಮಾತಿನ ಹಿಂದಿದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಬೋರ್ಡೋದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 54 ಮಂದಿಗೆ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಟ್ಟಾಗ ಅವರು ಅದರ ಪರಿಮಳವನ್ನು ಕೆಂಪು ವೈನಿನ ಮಾತುಗಳಲ್ಲೇ ಬಣ್ಣಿಸಿದರು. ಕ್ಯಾಲಿಫೋರ್ನಿಯಾದ ರಾಜ್ಯಮೇಳದ ಸ್ಪರ್ಧೆಯಲ್ಲಿ ರಾಬರ್ಟ್ ಹಾಡ್ಜ್‌ಸನ್ ಅನುಭವಿ ತೀರ್ಪುಗಾರರಿಗೇ ಒಂದೇ ಬಾಟಲಿಯ ವೈನನ್ನು, ಸುಳಿವು ಕೊಡದೆ, ಮೂರು ಸಲ ಕೊಡಿಸಿದರು. ಮೂರು ಸಲವೂ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರು. 2008ರಲ್ಲಿ ಪ್ರಕಟವಾದ ಈ ಅಧ್ಯಯನ ಓದಿದ ಮೇಲೆ ಚಿನ್ನ ಬೆಳ್ಳಿಯ ಪದಕಗಳ ಮೇಲೆ ನನಗಂತೂ ಭರವಸೆ ಉಳಿದಿಲ್ಲ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ: ಆ ತೀರ್ಪುಗಾರರು ತಮ್ಮ ಮಾತಿಗೆ ತಾವು ಹೊಂದಿಕೊಂಡದ್ದು ಹೆಚ್ಚಾಗಿ ಕಳಪೆ ಎಂದು ಕೈಬಿಟ್ಟ ವೈನ್‌ಗಳ ವಿಷಯದಲ್ಲಿ. ಒಳ್ಳೆಯದರಲ್ಲಿ ಯಾವುದು ಹೆಚ್ಚು ಎಂದು ಹೇಳಲು ನಾಲಿಗೆ ತಡವರಿಸುತ್ತದೆ. ಕೆಟ್ಟದ್ದನ್ನು ಗುರುತಿಸಲು ಅಷ್ಟಾಗಿ ತಡವರಿಸುವುದಿಲ್ಲ. ಬ್ರೂಪಬ್ಬಿನ ವೈನನ್ನು ತೂಗಲು ನಮಗೆ ಬೇಕಾದದ್ದೂ ಅಷ್ಟೇ.

ಯಾಕೆಂದರೆ ಅಲ್ಲಿ ವೈನ್ ಕೆಡುವುದು ದ್ರಾಕ್ಷಿಯ ದೋಷದಿಂದಲೇ ಆಗಬೇಕಿಲ್ಲ, ಗಾಳಿಯಿಂದಲೂ ಆಗುತ್ತದೆ. ಗ್ಲಾಸಿನ ಲೆಕ್ಕದಲ್ಲಿ ಮಾರಲು ತೆರೆದ ಬಾಟಲಿ ದೀಪದ ಬಿಸಿಗೆ ಮೂರು ನಾಲ್ಕು ದಿನ ನಿಲ್ಲುತ್ತದೆ. ಆಮ್ಲಜನಕ ಒಳಗೆ ಸೇರುತ್ತದೆ. ಗ್ಲಾಸನ್ನು ಓರೆ ಮಾಡಿದರೆ ಬಿಳಿ ವೈನ್ ಕಂದುಗಟ್ಟಿದ್ದು ಕಾಣುತ್ತದೆ. ಹೆಚ್ಚಿಟ್ಟು ಮರೆತ ಸೇಬಿನ ವಾಸನೆ, ಅದರ ಹಿಂದೆಯೇ ವಿನಿಗರಿನ ಕಟು. ಈಗ ಎರಡನೆಯ ಉತ್ತರವನ್ನು ನೋಡೋಣ. ಬಿಯರಿನವರನ್ನು ವೈನಿನಿಂದ ಅಳೆಯಬಾರದು ಎನ್ನುವವರು, ಈ ಅಳತೆಗೋಲು ಹೊರಗಿನಿಂದ ತಂದದ್ದು ಎಂದುಕೊಂಡಿದ್ದಾರೆ. ಹಾಗಲ್ಲ. ಆಮ್ಲಜನಕ ಬಿಯರಿಗೂ ಶತ್ರು. ಹುಳಿ ಬಂದು ಮುಗಿದ ಬಿಯರಿಗೆ ಗಾಳಿ ಸೋಕದಂತೆ ಟ್ಯಾಂಕಿಗೆ ಕಾರ್ಬನ್ ಡೈಆಕ್ಸೈಡ್ ತುಂಬಿಸುವವರು, ಪೈಪುಗಳನ್ನು ತೊಳೆದು ತೊಳೆದು ಇಡುವವರು, ತಣ್ಣಗಿಡಲು ವಿದ್ಯುತ್ ಬಿಲ್ ತೆರುವವರು ಇವರೇ. ಗಾಳಿ ಏನು ಮಾಡುತ್ತದೆಂದು ನಗರದಲ್ಲಿ ಇವರಷ್ಟು ಬಲ್ಲವರು ಕಡಿಮೆ. ಟ್ಯಾಂಕಿನ ಬಳಿ ಇರುವ ಆ ತಿಳಿವಳಿಕೆ ಹತ್ತು ಹೆಜ್ಜೆ ನಡೆದು ಕೌಂಟರಿನ ಮೂಲೆ ಮುಟ್ಟುವಷ್ಟರಲ್ಲಿ ಇಲ್ಲವಾದರೆ, ಅದಕ್ಕೆ ಅಜ್ಞಾನವನ್ನು ದೂರುವಂತಿಲ್ಲ. ಆ ಗ್ಲಾಸು ಹೋಗುವ ಮೇಜನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ, ಅಷ್ಟೇ. ಗೆಳೆಯರ ಜೊತೆ ಬಂದು, ಬಿಯರ್ ಬೇಡವೆಂದು ವೈನ್ ಕೇಳಿದವರೂ ಅವರಷ್ಟೇ ಹಣ ತೆತ್ತ ಅತಿಥಿ. ಹೆಸರು ತರುವ ಕೆಲಸವನ್ನು ಶ್ರದ್ಧೆಯಿಂದ ಮಾಡಲು ಆ ಹೆಸರಿನ ಆಸೆಯೇ ಸಾಕು. ಯಾರೂ ಹೊಗಳದ ಕಡೆಯೂ ಅದು ಉಳಿದಿದ್ದರೆ ಮಾತ್ರ ಶ್ರದ್ಧೆ ಎಂದು ಕರೆಯಬಹುದು.

ಇಷ್ಟಕ್ಕೆ ವೈನಿನ ಉದ್ದನೆಯ ಪಟ್ಟಿ ಬೇಕೆಂದು ನಾನು ಕೇಳುತ್ತಿಲ್ಲ. ಖರ್ಚಾಗದ ಹದಿನೈದು ಹೆಸರು ಇಟ್ಟುಕೊಂಡರೆ ತೆರೆದ ಬಾಟಲಿಗಳು ಇನ್ನಷ್ಟು ದಿನ ನಿಲ್ಲುತ್ತವೆ. ನಂದಿಬೆಟ್ಟದ ಸುತ್ತ ಬೆಳೆದ ದ್ರಾಕ್ಷಿಯ ಒಂದು ಕೆಂಪು, ಒಂದು ಬಿಳಿ ಸಾಕು. ರಾತ್ರಿ ಬಿರಡೆ ಬಿಗಿದು ಎರಡನ್ನೂ ಬಿಯರಿನ ಪಕ್ಕದಲ್ಲೇ ತಣ್ಣಗಿಟ್ಟು, ಬಾಟಲಿಯ ಕೊರಳಿಗೆ ತೆರೆದ ತಾರೀಖಿನ ಒಂದು ಚೀಟಿ ಅಂಟಿಸಿದರೆ, ನಾಳೆ ಕೌಂಟರಿಗೆ ಬರುವ ಹೊಸ ಹುಡುಗನಿಗೂ ಯಾವುದನ್ನು ಸುರಿಯಬೇಕು, ಯಾವುದನ್ನು ಚೆಲ್ಲಬೇಕು ಎಂದು ತಿಳಿಯುತ್ತದೆ.