ಒಳಬರುವುದಕ್ಕೆ ಮಡಿ, ಹೊರಹೋಗುವುದಕ್ಕೆ ಕಡಲು

ಸಣ್ಣ ದೋಣಿಗೆ ಪಾಯಿಖಾನೆ ಕೂರಿಸಬೇಕೆಂದರೆ ಮೊದಲು ದೋಣಿಯ ತಳಕ್ಕೆ ತೂತು ಕೊರೆಯಬೇಕು. ಅದೂ ಒಂದಲ್ಲ, ಎರಡು. ಒಂದರಿಂದ ಕಡಲ ನೀರು ಒಳಗೆ ಬರುತ್ತದೆ, ಇನ್ನೊಂದರಿಂದ ಹೊರಗೆ ಹೋಗುತ್ತದೆ. ಲಕ್ಷಗಟ್ಟಲೆ ಸುರಿದು ಕೊಂಡ ದೋಣಿಗೆ ನೀರಿನ ಮಟ್ಟದ ಕೆಳಗೆ ಡ್ರಿಲ್ ಹಿಡಿಯುವಾಗ ಎಂಥ ಗಟ್ಟಿ ಮಾಲೀಕನ ಎದೆಯೂ ಡವಗುಟ್ಟುತ್ತದೆ.

ಮುಂಬಯಿಯಲ್ಲಿ ಈ ಕೆಲಸಕ್ಕೆ ಮಳೆಗಾಲವೇ ಸರಿಯಾದ ಹೊತ್ತು. ಗೇಟ್‌ವೇ ಆಫ್ ಇಂಡಿಯಾ ಎದುರು ತೇಲುತ್ತಿದ್ದ ಹಾಯಿದೋಣಿಗಳು ಆಗ ದಡ ಹತ್ತುತ್ತವೆ. ತಳ ಕೆರೆದು ಬಣ್ಣ ಬಳಿಯುವ ಆ ದಿನಗಳಲ್ಲಿ ಕೊಳಾಯಿ ಕೆಲಸವೂ ನಡೆದುಹೋಗುತ್ತದೆ. ಇಪ್ಪತ್ತೈದು–ಮೂವತ್ತು ಅಡಿಯ ದೋಣಿಯಲ್ಲಿ ಇದಕ್ಕೆ ಸಿಗುವ ಜಾಗ ಹಳೆಯ ಚಾಳಿನ ಮೋರಿಗಿಂತ ಚಿಕ್ಕದು. ಅಷ್ಟರಲ್ಲೇ ಪಿಂಗಾಣಿಯ ಬಟ್ಟಲು, ಪಕ್ಕದಲ್ಲಿ ಕೈಪಂಪು, ಎರಡು ಪೈಪು, ಪ್ರತಿ ತೂತಿಗೂ ಸೀಕಾಕ್ ಎಂಬ ಕವಾಟ. ನೀರು ಸೇದುವ ತೂತು ಮುಂದಿರಬೇಕು, ಬಿಡುವ ತೂತು ಹಿಂದಿರಬೇಕು. ಅದಲುಬದಲಾದರೆ ಬಿಟ್ಟದ್ದೇ ತಿರುಗಿ ಬಟ್ಟಲಿಗೆ ಬರುತ್ತದೆ. ಬಟ್ಟಲಿನ ಅಂಚು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಪೈಪನ್ನು ಮೇಲಕ್ಕೆ ಬಿಲ್ಲಿನಂತೆ ಬಗ್ಗಿಸಿ, ಆ ಬಿಲ್ಲಿನ ನೆತ್ತಿಯಲ್ಲಿ ಗಾಳಿ ಒಳಬರುವ ಪುಟ್ಟ ಕವಾಟ ಇಡುತ್ತಾರೆ. ಅದಿಲ್ಲದೆ ಸೀಕಾಕ್ ತೆರೆದಿಟ್ಟು ಮಲಗಿದರೆ ಸಮುದ್ರ ತಾನೇ ತಾನಾಗಿ ಹರಿದು ಬಂದು ದೋಣಿಯನ್ನು ತುಂಬುತ್ತದೆ. ಕಟ್ಟಿದಲ್ಲೇ ಮುಳುಗಿದ ದೋಣಿಗಳ ಕಥೆ ಎಷ್ಟೋ ಇವೆ. ದೊಡ್ಡವರ ಕಥೆಯೂ ಬೇರೆಯಲ್ಲ: 1945ರ ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡಿನ ಕರಾವಳಿಯ ಬಳಿ ಜರ್ಮನಿಯ ಯು-1206 ಜಲಾಂತರ್ಗಾಮಿ ನಾಶವಾದದ್ದು ಪಾಯಿಖಾನೆಯ ಕವಾಟದ ಎಡವಟ್ಟಿನಿಂದ ಒಳನುಗ್ಗಿದ ನೀರಿನಿಂದಲೇ.

ಇಷ್ಟು ಕೊಳಾಯಿ ಕೆಲಸದ ಮಾತಾಯಿತು. ತೊಡಕಿರುವುದು ಎರಡನೆಯ ತೂತಿನಲ್ಲಿ, ಮತ್ತು ಅದು ಧರ್ಮದ ತೊಡಕು.

ನೀರಿನಲ್ಲಿ ಮಲಮೂತ್ರ ಮಾಡಕೂಡದು ಎಂಬ ವಿಧಿ ಹೊಸದಲ್ಲ. ತೈತ್ತಿರೀಯ ಆರಣ್ಯಕದಲ್ಲಿ ಅದು ಇದೆ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯ ನೀರಿಗೆ ಉಗುಳುವುದನ್ನೂ ಸೇರಿಸಿ ನಿಷೇಧಿಸುತ್ತದೆ. ದಾರಿಯಲ್ಲಿ ಬೇಡ, ಬೂದಿಯ ಮೇಲೆ ಬೇಡ, ಉತ್ತ ಹೊಲದಲ್ಲಿ ಬೇಡ ಎಂದೆಲ್ಲ ಪಟ್ಟಿ ಮಾಡುವ ಸ್ಮೃತಿಕಾರರು ಒಂದು ವಿಷಯವನ್ನು ಹೇಳದೆಯೇ ನಂಬಿಕೊಂಡಿದ್ದರು: ಮನೆಯಿಂದ ದೂರ ಹೋಗಲು ಜಾಗ ಇದೆ, ಕಾಲ ಕೆಳಗೆ ಮಣ್ಣಿದೆ. ದೋಣಿಯಲ್ಲಿ ಇವೆರಡೂ ಇಲ್ಲ. ಅಲ್ಲಿ ಹಿತ್ತಲಿಲ್ಲ. ‘ಒಳಗೆ’ ಮತ್ತು ‘ಹೊರಗೆ’ ನಡುವೆ ಇರುವುದು ಅರ್ಧ ಅಂಗುಲದ ಫೈಬರ್‌ಗ್ಲಾಸ್.

ಅಂಥ ಶಾಸ್ತ್ರಕಾರರಿಗೆ ಸಮುದ್ರಯಾನವೇ ದೋಷವಾದದ್ದರಲ್ಲಿ ಆಶ್ಚರ್ಯವಿಲ್ಲ. ಬೌಧಾಯನ ಧರ್ಮಸೂತ್ರ ಅದನ್ನು ಪತನಕ್ಕೆ ಕಾರಣವಾಗುವ ಕರ್ಮಗಳ ಸಾಲಿನಲ್ಲಿಡುತ್ತದೆ. ಬೇರೊಂದು ಕಡೆ ಅದು ಉತ್ತರದವರ ರೂಢಿ ಎಂದೂ ಹೇಳುತ್ತದೆ, ಅಂದರೆ ನಿಷೇಧ ಇದ್ದಾಗಲೂ ಹೋಗುವವರು ಹೋಗುತ್ತಲೇ ಇದ್ದರು. 1888ರ ಸೆಪ್ಟೆಂಬರ್ 4ರಂದು ಮೋಹನದಾಸ ಗಾಂಧಿ ಇದೇ ಮುಂಬಯಿಯಿಂದ ಲಂಡನ್ನಿಗೆ ಹಡಗು ಹತ್ತುವ ಮುನ್ನ ಮೋಢ ಬನಿಯಾ ಜಾತಿಯ ಪಂಚರು ಸಭೆ ಸೇರಿ ಅವರನ್ನು ಬಹಿಷ್ಕರಿಸಿದರು. ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ. ಉಡುಪಿಯಲ್ಲಿ ಈ ಚರ್ಚೆ ಇನ್ನೂ ಹಳತಾಗಿಲ್ಲ. 2008ರ ಪರ್ಯಾಯದಲ್ಲಿ, ಮತ್ತೆ 2024ರಲ್ಲಿ, ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ವಿದೇಶಕ್ಕೆ ಹೋಗಿ ಬಂದದ್ದೇ ಆಕ್ಷೇಪಕ್ಕೆ ಕಾರಣವಾಯಿತು. ಅವರು ಸಾಗರ ದಾಟಿದ್ದು ವಿಮಾನದಲ್ಲಿ ಎಂಬುದು ಆಕ್ಷೇಪಿಸಿದವರಿಗೆ ದೊಡ್ಡ ವ್ಯತ್ಯಾಸವೆನಿಸಲಿಲ್ಲ.

ಈ ಮಡಿಯನ್ನು ಹಡಗಿನಲ್ಲೇ ಉಳಿಸಿಕೊಳ್ಳಲು ನಡೆದ ಅತ್ಯಂತ ದುಬಾರಿ ಪ್ರಯತ್ನಕ್ಕೂ ಮುಂಬಯಿಯೇ ಸಾಕ್ಷಿ. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಹೊರಟ ಜೈಪುರದ ಮಹಾರಾಜ ಎರಡನೆಯ ಮಾಧೋಸಿಂಗ್ ‘ಒಲಿಂಪಿಯಾ’ ಎಂಬ ಹೊಸ ಹಡಗನ್ನೇ ಇಡಿಯಾಗಿ ಬಾಡಿಗೆಗೆ ಹಿಡಿದರು. ಗೋಮಾಂಸ ಬೆಂದಿರದ ಹಡಗು ಬೇಕಿತ್ತು. ಆಳೆತ್ತರದ ಬೆಳ್ಳಿ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡರು. ಅಂಥ ಎರಡು ಹಂಡೆಗಳು ಇಂದಿಗೂ ಜೈಪುರದ ಅರಮನೆಯಲ್ಲಿವೆ, ಪ್ರವಾಸಿಗರು ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಡುಗೆ ಹೇಗಿತ್ತು, ಕುಡಿಯುವ ನೀರು ಎಲ್ಲಿಯದು ಎಂದು ಗೈಡುಗಳು ಬಾಯಿಪಾಠ ಒಪ್ಪಿಸುತ್ತಾರೆ. ಆ ಹಡಗಿನ ಮಲ ಎಲ್ಲಿಗೆ ಹೋಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಗಂಗೆ ಬಾಯಿಯವರೆಗೆ, ಆಮೇಲೆ ಅರಬ್ಬೀ ಸಮುದ್ರ.

ನಮ್ಮ ಮಡಿ ಕಾಯುವುದು ಒಳಬರುವ ಬಾಗಿಲನ್ನು. ಯಾರ ಕೈಯ ನೀರು, ಯಾವ ಪಾತ್ರೆ, ಯಾವ ಒಲೆ ಎಂದು ಅಲ್ಲಿ ಎಷ್ಟು ಸೂಕ್ಷ್ಮ! ಹೊರಹೋಗುವ ಬಾಗಿಲಿನಲ್ಲಿ ಅದು ಕಣ್ಣು ಮುಚ್ಚಿಕೊಳ್ಳುತ್ತದೆ, ಏಕೆಂದರೆ ಅಲ್ಲಿ ಇನ್ಯಾರೋ ನಿಂತಿರುತ್ತಾರೆ.

ಅದೇ 1902ರಲ್ಲಿ ಮುಂಬಯಿಯಲ್ಲಿ ನಮ್ಮ ಕರಾವಳಿಯ ಮೀನುಗಾರರ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿತು. ಕಡಲಿಗೆ ಇಳಿದರೆ ಜಾತಿ ಹೋಗುತ್ತದೆ ಎಂಬ ಮಾತು ಈ ಕರಾವಳಿಯ ಮಕ್ಕಳಿಗೆ ಎಂದೂ ತಟ್ಟಿದ್ದಲ್ಲ. ಇಳಿಯದಿದ್ದರೆ ಅನ್ನವೇ ಇಲ್ಲ. ಅವರಿಗೂ ವರ್ಸೋವಾ, ವರ್ಳಿ, ಖಾರ್ ದಾಂಡಾದ ಕೋಳಿ ಮೀನುಗಾರರಿಗೂ ಸಮುದ್ರ ದೇವರು. ಶ್ರಾವಣ ಹುಣ್ಣಿಮೆಗೆ ಇಲ್ಲಿ ನಾರಳಿ ಪೂರ್ಣಿಮೆ, ಊರಲ್ಲಿ ಸಮುದ್ರ ಪೂಜೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಸರ್ಕಾರವೇ ಮೀನುಗಾರಿಕೆ ನಿಲ್ಲಿಸುತ್ತದೆ, ಆ ಗಡುವು ಮುಗಿದರೂ ತೆಂಗಿನಕಾಯಿ ಅರ್ಪಿಸದೆ ಬಲೆ ಎತ್ತದ ಮನೆಗಳು ಕೋಳಿವಾಡಗಳಲ್ಲಿವೆ. ಅದೇ ಜನ ದಿನಗಟ್ಟಲೆ ಆಳಸಮುದ್ರದಲ್ಲಿರುವ ಬೋಟುಗಳಲ್ಲಿ ಬಹಳ ಕಡೆ ಪಾಯಿಖಾನೆಯೇ ಇಲ್ಲ. ಹಗ್ಗ ಹಿಡಿದು ಅಂಚಿನಲ್ಲಿ ಕೂರಬೇಕು. ದೇವರ ಮೈಮೇಲೆ ಹೀಗೆ ಮಾಡಬಹುದೇ ಎಂದು ಅವರನ್ನು ಕೇಳುವುದು ದಡದಲ್ಲಿ ಕುಳಿತವರ ಕುಚೇಷ್ಟೆಯಾದೀತು. ಆಪದ್ಧರ್ಮ ಎಂಬ ಮಾತು ಇರುವುದೇ ಇಂಥವರಿಗಾಗಿ. ಭಾನುವಾರ ಎದುರು ದಡದ ಮಾಂಡ್ವಾಕ್ಕೆ ಹಾಯಿ ಬಿಚ್ಚುವವರಿಗೆ ಅದರ ರಿಯಾಯಿತಿ ಸಿಗಲಿಕ್ಕಿಲ್ಲ.

ಸಮುದ್ರ ಅಷ್ಟು ದೊಡ್ಡದು, ಅದಕ್ಕೆ ಮೈಲಿಗೆ ಅಂಟದು ಎಂದು ಹೇಳುವವರಿದ್ದಾರೆ. ಶಾಸ್ತ್ರದ ಮಾತು ಇನ್ನೂ ನಾಜೂಕು: ಅಶ್ವತ್ಥವನ್ನೂ ಸಾಗರವನ್ನೂ ಪೂಜಿಸಬೇಕು, ಆದರೆ ಅಶ್ವತ್ಥವನ್ನು ಶನಿವಾರದ ಹೊರತು, ಸಾಗರವನ್ನು ಪರ್ವದಿನಗಳ ಹೊರತು ಮುಟ್ಟಬಾರದು. ಮುಟ್ಟುವುದಕ್ಕೇ ಲೆಕ್ಕವಿಟ್ಟವರು ಪಂಪು ಹೊಡೆಯುವುದಕ್ಕೆ ಒಪ್ಪುತ್ತಿದ್ದರೇ?

ಕಾನೂನು ಇದನ್ನು ಮೈಲಿಗಳಲ್ಲಿ ಅಳೆಯುತ್ತದೆ. ಹಡಗುಗಳ ಕೊಳಚೆಯ ಬಗೆಗಿನ ಮಾರ್ಪೋಲ್ ಒಪ್ಪಂದದ ನಾಲ್ಕನೆಯ ಅನುಬಂಧ 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಅರೆದು ಸೋಂಕು ತೆಗೆದ ಕೊಳಚೆಯನ್ನು ದಡದಿಂದ 3 ನಾಟಿಕಲ್ ಮೈಲಿ ದಾಟಿ ಬಿಡಬಹುದು. ಹಾಗೆಯೇ ಬಿಡುವುದಾದರೆ 12 ಮೈಲಿ ದಾಟಬೇಕು, ಅದೂ ಹಡಗು ಕನಿಷ್ಠ 4 ನಾಟ್ ವೇಗದಲ್ಲಿ ಸಾಗುತ್ತಿರುವಾಗ, ನಿಧಾನವಾಗಿ. ಆದರೆ ಇದು 400 ಟನ್ನು ಮತ್ತು ಅದಕ್ಕಿಂತ ದೊಡ್ಡ ಅಥವಾ ಹದಿನೈದಕ್ಕಿಂತ ಹೆಚ್ಚು ಜನರನ್ನು ಹೊರುವ ಹಡಗುಗಳಿಗೆ. ನಾಲ್ಕು ಜನರ ಹಾಯಿದೋಣಿ ಈ ಬಲೆಯ ಕಣ್ಣಿನಿಂದ ನುಸುಳಿಬಿಡುತ್ತದೆ. ಗೇಟ್‌ವೇಯಿಂದ ಘಾರಾಪುರಿಗೋ ಮಾಂಡ್ವಾಕ್ಕೋ ಹೋಗುವ ದೋಣಿ ಬಂದರಿನ ಒಳಗೇ ಸುತ್ತುತ್ತಿರುತ್ತದೆ. ದೊಡ್ಡ ಹಡಗಿನ ನಿಯಮ ಅದಕ್ಕೂ ಇದ್ದಿದ್ದರೆ ಇಡೀ ಪ್ರಯಾಣದಲ್ಲಿ ಕವಾಟ ತೆರೆಯಲು ಒಂದು ಜಾಗವೂ ಸಿಗುತ್ತಿರಲಿಲ್ಲ.

ಹಾಗಾದರೆ ಉಳಿಯುವುದು ಟ್ಯಾಂಕು. ಬಟ್ಟಲಿನಿಂದ ಹೊರಟದ್ದು ಸಮುದ್ರದ ಬದಲು ದೋಣಿಯಲ್ಲೇ ಇರುವ ನಲವತ್ತು–ಐವತ್ತು ಲೀಟರಿನ ತೊಟ್ಟಿಗೆ ಹೋಗಬೇಕು. ನಡುವೆ ಇಬ್ಬಗೆಯ ಕವಾಟ. ಒಂದು ಕಡೆ ತಿರುಗಿಸಿದರೆ ಟ್ಯಾಂಕು, ಇನ್ನೊಂದು ಕಡೆಗೆ ಕಡಲು. ಇಲ್ಲಿಯೇ ಹಳೆಯ ಬುದ್ಧಿ ಜಾಗೃತವಾಗುತ್ತದೆ. ಅಡುಗೆ ಮಾಡುವ, ಮಲಗುವ, ಗಣಪತಿಯ ಪಟ ಅಂಟಿಸಿದ ಕ್ಯಾಬಿನ್ನಿನಲ್ಲಿ ಅದನ್ನು ಇಟ್ಟುಕೊಂಡು ತಿರುಗುವುದೇ! ವಾಸನೆಯ ಭಯವೂ ಸುಳ್ಳಲ್ಲ. ಅಗ್ಗದ ಪೈಪಿನ ಗೋಡೆಯ ಮೂಲಕವೇ ನಾತ ಜಿನುಗುತ್ತದೆ, ಅದಕ್ಕೆಂದೇ ಮಾಡಿದ ದಪ್ಪ ಪೈಪು ಬೇಕು. ಕಡಲ ನೀರು ಮೂತ್ರದೊಡನೆ ಸೇರಿ ಪೈಪಿನೊಳಗೆ ಸುಣ್ಣದಂಥ ಪದರ ಕಟ್ಟುತ್ತದೆ; ಆಗಾಗ ವಿನಿಗರ್ ಬಿಡದಿದ್ದರೆ ಕೊಳವೆ ಕಿರಿದಾಗುತ್ತಾ ಹೋಗುತ್ತದೆ. ಇನ್ನೊಂದು ವಿಚಿತ್ರ: ಎಷ್ಟೋ ಸಲ ನಾರುವುದು ಹೊರಹೋಗುವ ಪೈಪಲ್ಲ, ಒಳಬರುವ ಪೈಪು. ಅದರಲ್ಲಿ ನಿಂತ ಕಡಲ ನೀರಿನ ಸೂಕ್ಷ್ಮ ಜೀವಿಗಳು ಸತ್ತು, ಕೊಳೆತ ಮೊಟ್ಟೆಯ ನಾತ ಹೊರಡುತ್ತದೆ. ಮಡಿಯ ಲೆಕ್ಕದಲ್ಲಿ ಶುದ್ಧವಾದ ಬಾಗಿಲು ಅದು!

ಟ್ಯಾಂಕಿಗೆ ತಕರಾರು ತೆಗೆಯುವವರು ಕೈತೋರಿಸುವುದು ಊರಿನ ಕಡೆಗೆ. ಮುಂಬಯಿ ಪಾಲಿಕೆ ವರ್ಳಿಯಿಂದ 3.4 ಕಿಲೋಮೀಟರ್, ಬಾಂದ್ರಾದಿಂದ 3.7 ಕಿಲೋಮೀಟರ್ ಉದ್ದದ ಸುರಂಗಗಳಲ್ಲಿ ಕೊಳಚೆಯನ್ನು ಕಡಲೊಳಗೆ ಬಿಟ್ಟುಕೊಂಡು ಬಂದಿದೆ. ಈಗ ವರ್ಳಿ, ಬಾಂದ್ರಾ, ಧಾರಾವಿ, ಮಲಾಡ್, ವರ್ಸೋವಾ, ಘಾಟ್ಕೋಪರ್, ಭಾಂಡುಪ್‌ಗಳಿಗೆ ಕೈಗೆತ್ತಿಕೊಂಡಿರುವ ಹೊಸ ಶುದ್ಧೀಕರಣ ಘಟಕಗಳ ಒಟ್ಟು ಸಾಮರ್ಥ್ಯ ದಿನಕ್ಕೆ 2,464 ದಶಲಕ್ಷ ಲೀಟರ್. ಇಂಥ ಊರಿನ ಮುಂದೆ ಒಂದು ದೋಣಿಯ ಐವತ್ತು ಲೀಟರು ಯಾವ ಲೆಕ್ಕ? ಪ್ರಶ್ನೆ ಚುರುಕಾಗಿದೆ, ಆದರೆ ದಾರಿ ತಪ್ಪಿಸುವಂಥದ್ದು. ಪಾಲಿಕೆಯ ಕೊಳವೆ ಎಲ್ಲಿದೆ, ಅದರಲ್ಲಿ ಎಷ್ಟು ಹರಿಯುತ್ತದೆ ಎಂಬುದಕ್ಕೆ ಕಾಗದಪತ್ರವಿದೆ, ಜವಾಬು ಕೇಳಲು ನ್ಯಾಯಮಂಡಳಿಯಿದೆ. ರಾತ್ರಿ ಲಂಗರು ಹಾಕಿದ ದೋಣಿಯ ಕವಾಟಕ್ಕೆ ಅದ್ಯಾವುದೂ ಇಲ್ಲ. ಅಲ್ಲಿ ಲೆಕ್ಕ ಕೇಳುವವನೂ ಕೊಡುವವನೂ ಒಬ್ಬನೇ.

ತೂತು ಕೊರೆಯುವುದೇ ಬೇಡವೆನ್ನುವವರಿಗೆ ಬೇರೆ ದಾರಿಗಳಿವೆ. ಒಂದು, ಮೂತ್ರವನ್ನು ಬೇರ್ಪಡಿಸಿ ಮಲವನ್ನು ತೆಂಗಿನ ನಾರಿನ ಪುಡಿಯಲ್ಲಿ ಒಣಗಿಸುವ ಪಾಯಿಖಾನೆ. ಸ್ಮೃತಿಕಾರರು ಕೇಳಿದ ಮಣ್ಣಿಗೆ ಇದು ಹತ್ತಿರದ ಬದಲಿ. ಇನ್ನೊಂದು, ಎರಡು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಕೂರಿಸಿದ, ಕೈಯಲ್ಲಿ ಹೊತ್ತೊಯ್ಯುವ ಪೋರ್ಟಬಲ್. ಮೇಲೆ ಸಿಹಿನೀರು, ಕೆಳಗೆ ಇಪ್ಪತ್ತು ಲೀಟರಿನ ತೊಟ್ಟಿ. ದಡಕ್ಕೆ ಒಯ್ದು ಶೌಚಾಲಯಕ್ಕೆ ಸುರಿದು ತೊಳೆದರೆ ಆಯಿತು. ಮಾಂಡ್ವಾದವರೆಗಿನ ದೋಣಿಗೆ ಇದೇ ಸಾಕು, ಅಗ್ಗವೂ ಹೌದು.

ಆದರೆ ತೊಟ್ಟಿಯನ್ನು ಹೊರುವವರು ಯಾರು? 1901ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ಗಲೀಜಾದ ಪಾಯಿಖಾನೆ ತೋರಿಸಿದ ಗಾಂಧಿಗೆ ಸ್ವಯಂಸೇವಕರು ಕೊಟ್ಟ ಉತ್ತರ, ಅದು ಜಾಡಮಾಲಿಯ ಕೆಲಸ ಎಂದು; ಗಾಂಧಿಯೇ ಪೊರಕೆ ಹಿಡಿದರು. ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, 1970ರ ದಶಕದಲ್ಲೇ, ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಆದರೂ 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ತಮ್ಮ ಮೈಗೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಮಲ ಹೊರಿಸುವುದನ್ನು ನಿಷೇಧಿಸುವ ಕೇಂದ್ರದ 2013ರ ಕಾಯ್ದೆಗೆ ಪಾಯಿಖಾನೆ, ಚರಂಡಿ, ಸೆಪ್ಟಿಕ್ ಟ್ಯಾಂಕುಗಳು ಗೊತ್ತು. ದೋಣಿಯ ಪೆಟ್ಟಿಗೆಯನ್ನು ಅದು ಬರೆದವರು ಊಹಿಸಿರಲಿಕ್ಕಿಲ್ಲ. ಮುಂಬಯಿಯ ವಿಹಾರ ದೋಣಿಗಳಲ್ಲಿ ಸಂಬಳದ ಆಳು ಸಾಮಾನ್ಯ, ಹಗ್ಗ ಕಟ್ಟುವುದರಿಂದ ಡೆಕ್ ತೊಳೆಯುವವರೆಗೆ ಅವನದೇ ಕೆಲಸ. ತುಂಬಿದ ತೊಟ್ಟಿ ಇಪ್ಪತ್ತು ಕಿಲೋಗೂ ಮೀರಿ ತೂಗುತ್ತದೆ. ಬೋಟಿನಿಂದ ಪುಟ್ಟ ದೋಣಿಗೆ, ಅಲ್ಲಿಂದ ಪಾಚಿಗಟ್ಟಿದ ಮೆಟ್ಟಿಲಿಗೆ ಅದನ್ನು ದಾಟಿಸುವ ಕೆಲಸ ಅವನ ಸಂಬಳದಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಮಾಲೀಕರು ಪೆಟ್ಟಿಗೆ ಕೊಳ್ಳುವ ಮೊದಲೇ ಬಾಯಿಬಿಟ್ಟು ಹೇಳಬೇಕಾಗುತ್ತದೆ.