ಸಂಜೆಯೂಟದ ಲೆಕ್ಕ ಯಾರ ಹೆಸರಿನಲ್ಲಿ?

ನಗರವಾಸದಿಂದ ನಮ್ಮ ಮಕ್ಕಳ ಆಹಾರಕ್ರಮ ಕೆಡುತ್ತಿದೆ ಎಂಬ ಮಾತು ಬಸದಿಯ ಜಗಲಿಯಲ್ಲಿಯೂ ಮದುವೆಯ ಚಪ್ಪರದಲ್ಲಿಯೂ ಆಗಾಗ ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಆದರೆ ಆ ದೋಷ ಯಾರದು ಎಂಬುದು ವಿಚಾರಣೀಯವಾಗಿದೆ.

ಕಾರ್ಕಳದ ಹಳೆಯ ಮನೆಗಳಲ್ಲಿ ಸಂಜೆಯ ಊಟಕ್ಕೆ ಗಡಿಯಾರ ಬೇಕಿರಲಿಲ್ಲ. ಕುಚ್ಚಲಕ್ಕಿಯ ಗಂಜಿ, ಚಟ್ನಿ, ಒಂದು ಪಲ್ಯ. ದೀಪ ಹಚ್ಚುವ ಮೊದಲೇ ಊಟ ಮುಗಿಯುತ್ತಿತ್ತು. ಇಂದು ಅದೇ ಮನೆತನದ ಮಗು ಮಣಿಪಾಲದ ವಸತಿ ಸಮುಚ್ಚಯದಲ್ಲಿದೆ. ಶಾಲೆ ಬಿಟ್ಟು, ಟ್ಯೂಷನ್ ಮುಗಿಸಿ ಮನೆ ಸೇರುವಾಗ ಏಳೂವರೆ. ನಮ್ಮ ಕರಾವಳಿಯಲ್ಲಿ ಸೂರ್ಯಾಸ್ತವು ನವೆಂಬರಿನಲ್ಲಿ ಸುಮಾರು 6 ಗಂಟೆಗೆ, ಜೂನ್-ಜುಲೈ ತಿಂಗಳಲ್ಲಿ ಸುಮಾರು 7 ಗಂಟೆಗೆ. ಹೀಗಾಗಿ ಶಾಲೆಯಿರುವ ಯಾವ ದಿನವೂ ಆ ಮಗುವಿಗೆ ಹಗಲಿನ ಸಂಜೆಯೂಟವಿಲ್ಲ. ರಜಾದಿನದಲ್ಲಿ ಉಡುಪಿಯ ಹೋಟೆಲಿನ ಮಸಾಲೆದೋಸೆ. ಅದರೊಳಗಿನ ಕಂದಮೂಲವನ್ನು ಯಾರೂ ಪ್ರಶ್ನಿಸುವುದಿಲ್ಲ. ಭಾನುವಾರ ಸಂಸಾರವೆಲ್ಲ ಕಾಪುವಿನ ದೀಪಸ್ತಂಭದ ಬಳಿ ನಿಂತು ಸೂರ್ಯ ಮುಳುಗುವುದನ್ನು ನೋಡಿ, ಆಮೇಲೆ ಊಟ ಹುಡುಕುತ್ತ ಹೊರಡುತ್ತದೆ!

ವಿದ್ಯುದ್ದೀಪವಿರುವಾಗ ರಾತ್ರಿಭೋಜನದಲ್ಲಿ ದೋಷವೇನು ಎಂದು ವಿದ್ಯಾವಂತರು ಕೇಳುವುದುಂಟು. ಪ್ರಶ್ನೆ ಹೊಸದಲ್ಲ. ದೀಪ ಹಚ್ಚಿಕೊಂಡರೂ ಸೂರ್ಯನ ಬೆಳಕಿಲ್ಲದೆ ಹಿಂಸೆಯನ್ನು ಹೇಗೆ ಪರಿಹರಿಸುವಿರಿ ಎಂಬ ಅಭಿಪ್ರಾಯವನ್ನು ಅಮೃತಚಂದ್ರಾಚಾರ್ಯರು ಸುಮಾರು ಸಾವಿರ ವರ್ಷಗಳ ಹಿಂದೆಯೇ ‘ಪುರುಷಾರ್ಥ ಸಿದ್ಧ್ಯುಪಾಯ’ದಲ್ಲಿ ವ್ಯಕ್ತಪಡಿಸಿದ್ದಾರೆ. ಮಳೆಗಾಲದಲ್ಲಿ ದೀಪಕ್ಕೆ ಮುತ್ತುವ ಹುಳುಗಳನ್ನು ಕಂಡ ನಮಗೆ ಬೇರೆ ಪ್ರಮಾಣ ಬೇಕಿಲ್ಲ.

ಇನ್ನು ದೋಷದ ಹೊಣೆ. ‘ತತ್ತ್ವಾರ್ಥಸೂತ್ರ’ವು ಕೃತ, ಕಾರಿತ, ಅನುಮತ ಎಂದು ಮೂರು ಬಗೆಯನ್ನು ಹೇಳುತ್ತದೆ: ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು. ರಾತ್ರಿ ಉಂಡದ್ದು ಮಗುವಾದರೆ, ಅದರ ದಿನಚರಿಯನ್ನು ಗೊತ್ತುಮಾಡಿದವರು ತಂದೆತಾಯಿಗಳು. ಆರತಕ್ಷತೆಯ ಭೋಜನವನ್ನು ರಾತ್ರಿಗೆ ಇಟ್ಟವರು ಹಿರಿಯರು. ಅದನ್ನು ಉಂಡು ಹರಸಿ ಬಂದವರು ನಾವು. ಹೀಗಿರಲು ಎಲ್ಲವನ್ನೂ ಮಗುವಿನ ಖಾತೆಗೇ ಖರ್ಚು ಬರೆಯುವುದು ಯಾವ ಲೆಕ್ಕಶಾಸ್ತ್ರ?

ಈ ಪ್ರಶ್ನೆಯನ್ನು ನನಗೆ ಹಾಕಿದವನು ನನ್ನ ಮೊಮ್ಮಗ. ಕಾರ್ಕಳದ ಚತುರ್ಮುಖ ಬಸದಿಯ ಮೆಟ್ಟಿಲಿಳಿಯುವಾಗ ನಾನು ಅವನಿಗೆ ರಾತ್ರಿಭೋಜನ ತ್ಯಾಗದ ಮಹಿಮೆಯನ್ನು ಹೇಳುತ್ತಿದ್ದೆ. ಅವನು, “ಅಜ್ಜಾ, ನೀವು ಅಂಗಡಿ ಮುಚ್ಚಿ ಬಂದು ಒಂಬತ್ತು ಗಂಟೆಗೆ ಉಣ್ಣುತ್ತಿದ್ದಿರೆಂದು ಅಮ್ಮ ಹೇಳಿದ್ದಾಳಲ್ಲ?” ಎಂದ. ಮೂವತ್ತು ವರ್ಷ ನಾನು ಚಾತುರ್ಮಾಸದಲ್ಲಿ ಮಾತ್ರ ಹೊತ್ತಿಗೆ ಸರಿಯಾಗಿ ಮನೆಗೆ ಬಂದವನು. ಗಿರಾಕಿ ತಪ್ಪೀತೆಂಬ ಲೋಭಕ್ಕೆ ವ್ಯಾಪಾರಧರ್ಮವೆಂಬ ಹೆಸರನ್ನಿಟ್ಟಿದ್ದೆ. ನಗರ ನನ್ನನ್ನು ಕೆಡಿಸಿರಲಿಲ್ಲ. ಕಾರ್ಕಳದಲ್ಲಿಯೇ ಕುಳಿತು ನಾನು ಸಂಜೆಯನ್ನು ಮಾರಿದ್ದೆ. ನನ್ನ ಮಗಳು ಕಂಡದ್ದು ಅದನ್ನೇ.

ಈಗ ಮಗಳ ಮನೆಯಲ್ಲಿ ಮಗು ಶಾಲೆಯಿಂದ ಬಂದೊಡನೆ ಊಟ, ಆಮೇಲೆ ಟ್ಯೂಷನ್. ನೇರವಾಗಿ ಹೋಗುವ ದಿನ ಬುತ್ತಿ ಜೊತೆಗಿರುತ್ತದೆ. ಕೆಲವು ದಿನ ತಪ್ಪುತ್ತದೆ. ತಪ್ಪಿದ ದಿನ ಮಗುವನ್ನು ಗದರಿಸುವುದಿಲ್ಲ. ನಾನೂ ಸೂರ್ಯಾಸ್ತದ ಅನಂತರ ಉಣ್ಣುವುದನ್ನು ಬಿಟ್ಟಿದ್ದೇನೆ. ಬಸದಿಗಳ ಆಡಳಿತ ಮಂಡಳಿಗಳು ತಮ್ಮ ಸಭಾಭವನಗಳಲ್ಲಿ ಸೂರ್ಯಾಸ್ತಕ್ಕೆ ಮೊದಲು ಭೋಜನ ಮುಗಿಯಬೇಕೆಂಬ ನಿಯಮವನ್ನು ಮಾಡಿದರೆ ನೂರು ಉಪನ್ಯಾಸಗಳಿಗಿಂತ ಹೆಚ್ಚಿನ ಉಪಕಾರವಾದೀತು.

ಮಕ್ಕಳಿಗೆ ವ್ರತವನ್ನು ಬೋಧಿಸುವ ಮೊದಲು, ಅದನ್ನು ಪಾಲಿಸಲು ಬೇಕಾದ ಹೊತ್ತನ್ನು ಅವರಿಗೆ ಹಿಂದಿರುಗಿಸೋಣ.