ಇಂದಿನ ಧಮ್ಮ ಚಿಂತನೆ: ಕಾಯಿಲೆಯವರಿಗೆ ನಿಜ ಹೇಳಬೇಕೆ?



ಪಂಚಶೀಲದ ನಾಲ್ಕನೆಯ ಶೀಲವನ್ನು ನಾವು ಪ್ರತಿ ಭಾನುವಾರ ವಂದನೆಯಲ್ಲಿ ಹೇಳುತ್ತೇವೆ. ಸುಳ್ಳಾಡುವುದರಿಂದ ದೂರವಿರುವೆನೆಂದು ಮಾತು ಕೊಡುತ್ತೇವೆ. ಸಂತೆಯಲ್ಲಿ, ಕಚೇರಿಯಲ್ಲಿ, ಚುನಾವಣೆಯಲ್ಲಿ ಈ ಶೀಲ ಹೇಗೆ ಮುರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಇದು ಪ್ರೀತಿಯಿಂದಲೇ ಮುರಿಯುವ ಜಾಗವೂ ಒಂದಿದೆ. ಅದು ಕಾಯಿಲೆಯವರ ಹಾಸಿಗೆಯ ಪಕ್ಕ. "ಏನೂ ಇಲ್ಲ, ಎಲ್ಲಾ ಸರಿಹೋಗುತ್ತೆ" ಎಂದು ಅಲ್ಲಿ ಕೂತು ನಾವು ಹೇಳುವ ಮಾತು ಕರುಣೆಯೇ, ಮುಸಾವಾದವೇ? ಇಂದು ಈ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಇದು ನಾನು ಪುಸ್ತಕದಿಂದ ಎತ್ತಿಕೊಂಡ ಪ್ರಶ್ನೆಯಲ್ಲ. ನಾಲ್ಕು ವರ್ಷದ ಹಿಂದೆ ನನ್ನ ಪತ್ನಿಗೆ ಸ್ತನ ಕ್ಯಾನ್ಸರ್ ಇರುವುದು ಗೊತ್ತಾಯಿತು. ನಮ್ಮ ಊರಿಂದ ಬೆಂಗಳೂರಿಗೆ 21 ದಿನಕ್ಕೊಮ್ಮೆ ಕೀಮೋಗೆ ಓಡಾಟ. ಹಿಂದಿನ ದಿನವೇ ಬಸ್ಸು ಹತ್ತಬೇಕು, ಬೆಳಗ್ಗೆ ರಕ್ತ ಪರೀಕ್ಷೆ ಮಾಡಿಸಬೇಕು, ವರದಿ ಸರಿಯಿದ್ದರೆ ಮಾತ್ರ ಡ್ರಿಪ್. ಮೂರನೆಯ ಸಲ ಹೋದಾಗ ಬಿಳಿ ರಕ್ತಕಣ ತೀರಾ ಇಳಿದಿದೆ ಎಂದು ವಾಪಸು ಕಳಿಸಿದರು. ನಾಲ್ಕನೆಯದರ ನಂತರ ಜ್ವರ ಬಂದು ಆರು ದಿನ ಆಸ್ಪತ್ರೆಯಲ್ಲೇ ಇರಬೇಕಾಯಿತು. ಕೂದಲು ಉದುರಿತು, ಬಾಯೆಲ್ಲ ಹುಣ್ಣಾಯಿತು, ಅನ್ನ ಮಣ್ಣಿನಂತಾಯಿತು. ಕೀಮೋ ಮುಗಿದ ಮೇಲೆ ಆಪರೇಷನ್, ಆಮೇಲೆ ರೇಡಿಯೇಷನ್, ಆಮೇಲೆ ದಿನಕ್ಕೊಂದು ಹಾರ್ಮೋನ್ ಮಾತ್ರೆ. ಎರಡು ವರ್ಷ ಪರೀಕ್ಷೆಗಳೆಲ್ಲ ಚೆನ್ನಾಗಿ ಬಂದವು. ವಿಹಾರದಲ್ಲಿ ಕಾರ್ಯಕ್ರಮ ಇದ್ದ ದಿನ ಅವಳೇ ಎಲ್ಲರಿಗಿಂತ ಮೊದಲು ಹೋಗಿ ಕಸ ಗುಡಿಸುತ್ತಿದ್ದಳು. ಕಳೆದ ವರ್ಷ ಸೊಂಟನೋವು ಶುರುವಾಯಿತು. ಸ್ಕ್ಯಾನ್ ಮಾಡಿಸಿದಾಗ ಬೆನ್ನುಮೂಳೆಗೂ ಸೊಂಟದ ಮೂಳೆಗೂ ಹರಡಿದೆ ಎಂದು ಬಂತು.

ಆ ದಿನ ಡಾಕ್ಟರು ಅವಳನ್ನು ತೂಕ ನೋಡಿಸಿಕೊಂಡು ಬರಲು ಹೊರಗೆ ಕಳಿಸಿ, ನನ್ನೊಬ್ಬನಿಗೆ ವಿಷಯ ಹೇಳಿದರು. "ಇವರಿಗೆ ಈಗಲೇ ಹೇಳ್ಬೇಡಿ ಮೇಷ್ಟ್ರೇ, ಕುಸಿದುಹೋಗ್ತಾರೆ" ಎಂದರು. ಊರಿಗೆ ಬಂದರೆ ಅವಳ ತಮ್ಮನದೂ ಅದೇ ಮಾತು. "ಭಾವ, ಅಕ್ಕಂಗೆ ಮೂಳೆ ಸವೆತ ಅಂತ ಹೇಳ್ಬುಡಿ. ಇರೋವಷ್ಟು ದಿನ ನೆಮ್ಮದಿಯಾಗಿರಲಿ." ಇಬ್ಬರಲ್ಲೂ ಕೆಟ್ಟ ಉದ್ದೇಶ ಇರಲಿಲ್ಲ. ಅದಕ್ಕೇ ಈ ಪ್ರಶ್ನೆ ಕಷ್ಟದ್ದು.

ಮಜ್ಝಿಮ ನಿಕಾಯದಲ್ಲಿ ಅಭಯ ರಾಜಕುಮಾರನ ಪ್ರಸಂಗ ಬರುತ್ತದೆ. ಕೇಳುವವರಿಗೆ ಅಪ್ರಿಯವಾಗುವ ಮಾತನ್ನು ಬುದ್ಧರು ಆಡುತ್ತಾರೆಯೇ ಎಂದು ಅವನು ಕೇಳುತ್ತಾನೆ. ಅವನ ಮಡಿಲಲ್ಲಿ ಒಂದು ಹಸುಳೆ ಇತ್ತು. ಈ ಮಗು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀಯೆ ಎಂದು ಬುದ್ಧರು ತಿರುಗಿ ಕೇಳಿದರು. ರಕ್ತ ಬಂದರೂ ಸರಿ, ಬೆರಳು ಹಾಕಿ ತೆಗೆಯುತ್ತೇನೆ, ಮಗುವಿನ ಮೇಲೆ ನನಗೆ ಕರುಣೆಯಿದೆ ಎಂದು ಅವನು ಹೇಳಿದ. ಆಗ ಬುದ್ಧರು ಮಾತುಗಳನ್ನು ವಿಂಗಡಿಸಿ ತೋರಿಸುತ್ತಾರೆ. ಸುಳ್ಳಾದ, ಹಿತವಿಲ್ಲದ ಮಾತನ್ನು ಅದು ಎಷ್ಟೇ ಪ್ರಿಯವಾಗಿದ್ದರೂ ಆಡುವುದಿಲ್ಲ. ನಿಜವೇ ಆದರೂ ಹಿತವಿಲ್ಲದ್ದನ್ನು ಆಡುವುದಿಲ್ಲ. ನಿಜವೂ ಹಿತವೂ ಆದದ್ದನ್ನು, ಅದು ಪ್ರಿಯವಿರಲಿ ಅಪ್ರಿಯವಿರಲಿ, ಸಮಯ ನೋಡಿ ಆಡುತ್ತಾರೆ.

ಈ ವಿಂಗಡಣೆಯಲ್ಲಿ ಒಂದು ಸಂಗತಿ ಗಮನಿಸಿ. ಸುಳ್ಳೂ ಹೌದು, ಹಿತವೂ ಹೌದು ಎನ್ನುವ ಗುಂಪೇ ಅಲ್ಲಿಲ್ಲ. ನಾವು ದಿನನಿತ್ಯ ಅತಿ ಹೆಚ್ಚು ನಂಬುವುದು ಆ ಗುಂಪನ್ನೇ. ಬುದ್ಧರು ನಮಗೆ ಬಿಟ್ಟುಕೊಟ್ಟಿರುವ ಸ್ವಾತಂತ್ರ್ಯ ಸಮಯದ ವಿಷಯದಲ್ಲಿ ಮಾತ್ರ. ಯಾವಾಗ ಹೇಳಬೇಕು, ಎಷ್ಟೆಷ್ಟಾಗಿ ಹೇಳಬೇಕು, ಪಕ್ಕದಲ್ಲಿ ಯಾರಿರಬೇಕು ಎಂದು ಯೋಚಿಸಬಹುದು. ಅದೇ ಕರುಣೆಯ ಕೆಲಸ.

ನಮ್ಮ ಜನಕ್ಕೆ ಇದರಲ್ಲಿ ಇನ್ನೂ ಒಂದು ಮಾತಿದೆ. ತಿಳಿವಳಿಕೆ ಯಾರಿಗೆ ಸಲ್ಲಬೇಕು, ಯಾರಿಗೆ ಸಲ್ಲಬಾರದು ಎಂದು ಬೇರೆಯವರು ತೀರ್ಮಾನ ಮಾಡಿದ್ದರ ಪೆಟ್ಟು ತಿಂದವರು ನಾವು. ನಮ್ಮ ಹಿರಿಯರಿಗೆ ಅಕ್ಷರ ಬೇಡ ಎಂದವರು, ಅದು ನಿಮ್ಮ ಒಳ್ಳೆಯದಕ್ಕೇ ಎಂದೂ ಹೇಳಿದ್ದುಂಟು. ಅಂಥ ಮನೆಯ ಗಂಡಸು ತನ್ನ ಹೆಂಡತಿಯ ಮೈಯ ಸುದ್ದಿಯನ್ನು ತನ್ನ ಜೇಬಿನಲ್ಲಿಟ್ಟುಕೊಂಡು, ಅವಳಿಗೆ ತಡೆದುಕೊಳ್ಳುವ ಶಕ್ತಿಯಿಲ್ಲ ಎಂದು ತಾನೇ ತೀರ್ಪು ಕೊಟ್ಟರೆ, ಅದು ಯಾವ ನ್ಯಾಯ? ಸಮತೆ ಸಭೆಯಲ್ಲಿ ಹೇಳುವುದಕ್ಕೆ ಮಾತ್ರ ಇರುವುದಲ್ಲವಲ್ಲ.

ಮಕ್ಕಳು ಮಲಗಿದ ಮೇಲೆ ಅವಳ ಪಕ್ಕ ಕೂತು ಮೊದಲು ಒಂದೇ ಪ್ರಶ್ನೆ ಕೇಳಿದೆ. "ಸ್ಕ್ಯಾನ್ ವರದಿ ಬಂದಿದೆ. ಎಷ್ಟು ಹೇಳಲಿ?"

"ಎಲ್ಲಾನೂ ಹೇಳಿ. ನನ್ನ ಮೈ ಸುದ್ದಿ ನನಗಿಂತ ಮೊದ್ಲು ಊರಿಗೆ ಗೊತ್ತಾಗೋದು ಬೇಡ" ಎಂದಳು. ಹೇಳಿದೆ. "ವಾಸಿ ಆಗುತ್ತಾ?" ಎಂದು ಕೇಳಿದಳು. ಪೂರ್ತಿ ವಾಸಿಯಾಗುವುದಿಲ್ಲವಂತೆ, ಔಷಧಿಯಿಂದ ಹಿಡಿದಿಡಬಹುದಂತೆ, ಎಷ್ಟು ಕಾಲ ಎಂದು ಅವರಿಗೂ ಹೇಳಲಾಗುವುದಿಲ್ಲವಂತೆ ಎಂದೆ. ಆ ರಾತ್ರಿ ಬಹಳ ಅತ್ತಳು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಯಾರೊಡನೆಯೂ ಮಾತಾಡಲಿಲ್ಲ. ನಿಜ ಹೇಳಿದರೆ ನೋವಾಗುವುದಿಲ್ಲ ಎಂದು ನಾನು ಇಲ್ಲಿ ವಾದಿಸುತ್ತಿಲ್ಲ. ನೋವಾಗುತ್ತದೆ. ಕಲ್ಲು ತೆಗೆಯುವಾಗ ಮಗುವಿನ ಬಾಯಲ್ಲಿ ರಕ್ತ ಬರುತ್ತದೆ ಎಂದು ಆ ಪ್ರಸಂಗವೇ ಹೇಳುತ್ತದೆ.

ಮೂರನೆಯ ದಿನ ಮಗಳ ಹತ್ತಿರ ಒಂದು ನೋಟ್‌ಬುಕ್ ಕೇಳಿ ತೆಗೆದುಕೊಂಡಳು. ಡಾಕ್ಟರಿಗೆ ಕೇಳಬೇಕಾದ್ದನ್ನು ಬರೆದುಕೊಂಡಳು. ಮುಂದಿನ ಸಲ ಹೋದಾಗ ಡಾಕ್ಟರ ಎದುರಿನ ಕುರ್ಚಿಯಲ್ಲಿ ತಾನೇ ಕೂತು ಒಂದೊಂದಾಗಿ ಕೇಳಿದಳು. ಮೂಳೆ ಮುರಿಯುತ್ತದೆಯೇ, ನಡೆಯುವುದು ನಿಂತುಹೋಗುತ್ತದೆಯೇ, ನೋವಿಗೆ ಏನು ಮಾಡುತ್ತೀರಿ? ಅಂದಿನಿಂದ ಡಾಕ್ಟರು ಅವಳ ಮುಖ ನೋಡಿಯೇ ಮಾತಾಡುತ್ತಾರೆ. ನೋವಿರುವ ಜಾಗಕ್ಕೆ ರೇಡಿಯೇಷನ್ ಕೊಟ್ಟರು, ಮೂಳೆ ಗಟ್ಟಿಯಾಗಲು ಡ್ರಿಪ್ ಹಾಕಿದರು, ಹಾರ್ಮೋನ್ ಮಾತ್ರೆ ಬದಲಾಯಿಸಿದರು. ನೋವು ಹೆಚ್ಚಾದ ದಿನಕ್ಕೆ ಮಾರ್ಫಿನ್ ಮಾತ್ರೆ ಇದೆ.

ಆಮೇಲೆ ಅವಳು ಒಂದು ಆಸೆ ಹೇಳಿದಳು. ಕಾಲು ನಡೆಯುವಾಗಲೇ ನಾಗಪುರದ ದೀಕ್ಷಾಭೂಮಿ ನೋಡಬೇಕು. ಹದಿನೈದು ವರ್ಷದಿಂದ "ಬರೋ ವರ್ಷ ಹೋಗೋಣ" ಎಂದು ನಾವು ಮುಂದೂಡುತ್ತ ಬಂದ ಪ್ರಯಾಣ ಅದು. ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು, ರೈಲಿನಲ್ಲಿ ಕೆಳಗಿನ ಬರ್ತು ಹಿಡಿದು ಹೋಗಿಬಂದೆವು. ಸ್ತೂಪದ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು. ಮೂಳೆ ಸವೆತ ಎಂದು ನಂಬಿಸಿದ್ದರೆ ಏನಾಗುತ್ತಿತ್ತು? ಸೊಂಟ ವಾಸಿಯಾದ ಮೇಲೆ ಹೋಗೋಣ ಎಂದು ಅವಳೇ ಮತ್ತೆ ಮುಂದೂಡುತ್ತಿದ್ದಳು. ಒಳ್ಳೆಯ ಉದ್ದೇಶದ ಸುಳ್ಳು ಕದಿಯುವುದು ಇದನ್ನೇ. ಉಳಿದಿರುವ ದಿನಗಳನ್ನು ತನ್ನಿಚ್ಛೆಯಂತೆ ಬಳಸುವ ಅವಕಾಶವನ್ನು ಅದು ಕದಿಯುತ್ತದೆ. ಹಾಗೆ ನೋಡಿದರೆ ಅಲ್ಲಿ ಎರಡನೆಯ ಶೀಲವೂ ಮುರಿಯುತ್ತದೆ.

ಹಾಗಾದರೆ ಎಲ್ಲರಿಗೂ ಎಲ್ಲವನ್ನೂ ಹೇಳಿಬಿಡಬೇಕೆ? ಇಲ್ಲ. ನನ್ನ ಚಿಕ್ಕಮ್ಮ ಒಬ್ಬರು ಕಾಯಿಲೆ ಬಿದ್ದಾಗ, "ನಂಗೇನೂ ಹೇಳ್ಬೇಡಿ ಕಣಪ್ಪ, ನೀವೇ ನೋಡ್ಕೊಳಿ" ಎಂದು ತಾವೇ ಹೇಳಿದ್ದರು. ಅದನ್ನೂ ಗೌರವಿಸಬೇಕು. ತಿಳಿದುಕೊಳ್ಳುವ ಹಕ್ಕು ಯಾರದೋ, ಬೇಡ ಎನ್ನುವ ಹಕ್ಕೂ ಅವರದೇ. ಆದರೆ ಕೇಳದೆಯೇ ಅವರ ಪರವಾಗಿ ನಾವು ಬೇಡ ಎನ್ನುವಂತಿಲ್ಲ.

ಹಾಸಿಗೆಯ ಪಕ್ಕ ಇನ್ನೊಂದು ಬಗೆಯ ಸುಳ್ಳೂ ಬರುತ್ತದೆ. ನೋಡಲು ಬಂದವರು, "ಏನು ಮಾಡೋದು, ಹಿಂದಿನ ಜನ್ಮದ ಕರ್ಮ" ಎಂದು ಸಮಾಧಾನ ಹೇಳಿಹೋಗುತ್ತಾರೆ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಹಿಂದಿನ ಜನ್ಮದ ಕರ್ಮ ಈ ಜನ್ಮವನ್ನು ನಿರ್ಧರಿಸುತ್ತದೆ ಎಂಬುದನ್ನು ಒಪ್ಪುವುದಿಲ್ಲ. ಬಡವರ, ಕೆಳಗಿಟ್ಟವರ ಸ್ಥಿತಿಗೆ ಸಮಾಜ ತನ್ನ ಹೊಣೆಯಿಂದ ಜಾರಿಕೊಳ್ಳಲು ಆ ಮಾತು ನೆರವಾಗುತ್ತದೆ ಎಂದು ಅವರು ತೋರಿಸಿದ್ದಾರೆ. ಕಾಯಿಲೆಯ ವಿಷಯದಲ್ಲೂ ಅದು ಹಾಗೆಯೇ. ಕರ್ಮ ಎಂದವರಿಗೆ ಮತ್ತೆ ಏನೂ ಮಾಡುವ ಕೆಲಸ ಉಳಿಯುವುದಿಲ್ಲ. ಎದ್ದು ಹೋಗಬಹುದು.

ಬುದ್ಧರು ಎದ್ದು ಹೋಗಲಿಲ್ಲ. ಭೇದಿಯಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಖುವನ್ನು ಕಂಡು, ಆನಂದನಿಂದ ನೀರು ತರಿಸಿ, ಇಬ್ಬರೂ ಸೇರಿ ತೊಳೆದು ಹಾಸಿಗೆಯ ಮೇಲೆ ಮಲಗಿಸಿದ ಘಟನೆ ವಿನಯದ ಮಹಾವಗ್ಗದಲ್ಲಿದೆ. ತನ್ನ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎಂದು ಅವರು ಹೇಳಿದ್ದು ಆಗಲೇ. ಒಳ್ಳೆಯ ರೋಗಿ ತನ್ನ ಕಾಯಿಲೆ ಹೆಚ್ಚಾಗಿದ್ದರೆ ಹೆಚ್ಚಾಗಿದೆ, ಕಡಿಮೆಯಾಗಿದ್ದರೆ ಕಡಿಮೆಯಾಗಿದೆ ಎಂದು ಇದ್ದದ್ದನ್ನು ಇದ್ದಂತೆ ಆರೈಕೆ ಮಾಡುವವರಿಗೆ ಹೇಳಬೇಕು ಎಂದೂ ಅಲ್ಲಿದೆ. ರೋಗಿಯಿಂದ ನಿಜ ಬಯಸುವ ನಾವು ಅದೇ ನಿಜವನ್ನು ರೋಗಿಗೆ ಕೊಡದಿರುವುದು ಹೇಗೆ?

ಬಾಬಾಸಾಹೇಬರು 1956ರಲ್ಲಿ ಆ ಗ್ರಂಥಕ್ಕೆ ಬರೆದ ಮುನ್ನುಡಿಯಲ್ಲಿ ತಮ್ಮ ಕಾಯಿಲೆಯನ್ನು ಬಚ್ಚಿಡದೆ ಹೇಳಿಕೊಂಡಿದ್ದಾರೆ. ತಮ್ಮನ್ನು ಉಳಿಸಿಕೊಂಡ ಪತ್ನಿ, ವೈದ್ಯೆ ಸವಿತಾ ಅವರಿಗೂ ಡಾಕ್ಟರಿಗೂ ಕೃತಜ್ಞತೆ ಹೇಳಿದ್ದಾರೆ. 1957ರಲ್ಲಿ ಗ್ರಂಥ ಹೊರಬಂದಾಗ ಆ ಮುನ್ನುಡಿ ಅದರಲ್ಲಿ ಇರಲಿಲ್ಲ. ಓದಿದವರಿಗೆ ಗೊತ್ತು, ಸೇವೆಯನ್ನು ಅವರು ಸಣ್ಣ ಸಂಗತಿ ಎಂದು ಎಣಿಸಿರಲಿಲ್ಲ.

ಧಮ್ಮ ಬಂಧುಗಳೇ, ನಮ್ಮ ಬಳಗದಲ್ಲಿ ಇಂದು ಎಷ್ಟೋ ಮನೆಗಳಲ್ಲಿ ಕಾಯಿಲೆಯವರಿದ್ದಾರೆ. ಅವರನ್ನು ನೋಡಲು ಹೋದಾಗ ಭರವಸೆ ಕೊಡಲು ಸುಳ್ಳು ಬೇಕಾಗಿಲ್ಲ. ವಾಸಿಯಾಗುತ್ತದೆ ಎಂದು ಹೇಳಲಾಗದಿದ್ದರೆ, "ನಾಳೆ ಆಸ್ಪತ್ರೆಗೆ ನಾನು ಜೊತೆಗೆ ಬರ್ತೀನಿ" ಎನ್ನಿ. ಹಾಗೆ ಹೇಳಿದ ಮೇಲೆ ಹೋಗಿ. ಅದು ನಿಜವಾದ ಮಾತು, ಹಿತವಾದ ಮಾತು, ಕೇಳುವವರಿಗೆ ಪ್ರಿಯವೂ ಹೌದು.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. 🙏